ಉಣ್ಣದೆ ಬದುಕುವ ದೈತ್ಯ: ಅಟ್ಲಾಸ್ ಪತಂಗ

ಮಳೆಗಾಲದ ರಾತ್ರಿಗಳಲ್ಲಿ ಮಲೆನಾಡಿನ ಮನೆಗಳ ದೀಪದ ಬಳಿ ಒಮ್ಮೊಮ್ಮೆ ಅಂಗೈಗಿಂತ ಅಗಲವಾದ ಪತಂಗವೊಂದು ಬಂದು ಕೂರುತ್ತದೆ. ಅದೇ ಅಟ್ಲಾಸ್ ಪತಂಗ. ಟಸರ್ ಮತ್ತು ಮೂಗಾ ರೇಷ್ಮೆ ನೀಡುವ ಪತಂಗಗಳಂತೆ ಇದೂ ಸ್ಯಾಟರ್ನಿಡೇ ಕುಟುಂಬಕ್ಕೆ ಸೇರಿದೆ. ಹಿಮಾಲಯದ ತಪ್ಪಲಿನಿಂದ ಆಗ್ನೇಯ ಏಷ್ಯದವರೆಗೆ ಹರಡಿರುವ ಪ್ರಭೇದ ಅಟಾಕಸ್ ಅಟ್ಲಾಸ್. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ಇರುವುದು ಅದನ್ನೇ ಬಹಳವಾಗಿ ಹೋಲುವ ಅಟಾಕಸ್ ಟಾಪ್ರೊಬೇನಿಸ್.

ರೆಕ್ಕೆಗಳನ್ನು ಹರಡಿದಾಗ ದೊಡ್ಡ ಹೆಣ್ಣು ಪತಂಗದ ಅಗಲ ಸುಮಾರು 24 ಸೆಂ.ಮೀ. ಮುಟ್ಟುತ್ತದೆ. ಕಂದು ಕೆಂಪು ರೆಕ್ಕೆಗಳ ಮೇಲೆ ತ್ರಿಕೋನಾಕಾರದ ಪಾರದರ್ಶಕ ಕಿಟಕಿಗಳಿವೆ. ಅಲ್ಲಿ ಬಣ್ಣದ ಹುರುಪೆಗಳಿಲ್ಲ. ಮುಂರೆಕ್ಕೆಯ ಬಾಗಿದ ತುದಿ ಹಾವಿನ ತಲೆಯಂತೆ ಕಾಣುತ್ತದೆ. ಇದು ಹಕ್ಕಿಗಳನ್ನು ಬೆದರಿಸಲು ನೆರವಾಗುತ್ತದೆ ಎಂಬ ಅಭಿಪ್ರಾಯವಿದೆ.

ಇಷ್ಟು ದೊಡ್ಡ ಕೀಟ ಏನನ್ನು ತಿನ್ನುತ್ತದೆ? ಏನನ್ನೂ ತಿನ್ನುವುದಿಲ್ಲ! ಪ್ರೌಢ ಪತಂಗಕ್ಕೆ ಉಪಯೋಗಕ್ಕೆ ಬರುವ ಬಾಯಿಯೇ ಇಲ್ಲ. ಅದರ ಹಾರಾಟ, ಮಿಲನ, ಮೊಟ್ಟೆ ಎಲ್ಲವೂ ಮರಿಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನ ಬಲದಿಂದಲೇ ನಡೆಯಬೇಕು.

ಮೊಟ್ಟೆಗಳು ಒಂದೆರಡು ವಾರಗಳಲ್ಲಿ ಒಡೆಯುತ್ತವೆ. ಹೊರಬಂದ ಮರಿಹುಳು ದಾಲ್ಚಿನ್ನಿ, ಸೀಬೆ ಮುಂತಾದ ಮರಗಳ ಎಲೆಗಳನ್ನು ಎಡೆಬಿಡದೆ ಮೇಯುತ್ತದೆ. ಹಲವು ಬಾರಿ ಪೊರೆ ಕಳಚಿ 10 ಸೆಂ.ಮೀ.ಗಿಂತ ಉದ್ದ ಬೆಳೆಯುತ್ತದೆ. ಅದರ ಹಸಿರು ಮೈಮೇಲೆ ಬಿಳಿ ಮೇಣದ ಪುಡಿ ಮತ್ತು ಮೃದುವಾದ ಮುಳ್ಳುಗಳಿರುತ್ತವೆ. ಕೊನೆಗೆ ಎಲೆಯನ್ನು ಸುತ್ತಿಕೊಂಡು, ಕಂದು ರೇಷ್ಮೆಯ ಗೂಡು ಕಟ್ಟಿ ಕೋಶಾವಸ್ಥೆಗೆ ಹೋಗುತ್ತದೆ. ಸಾಮಾನ್ಯವಾಗಿ ಸುಮಾರು ನಾಲ್ಕು ವಾರಗಳಲ್ಲಿ ಪತಂಗ ಹೊರಬರುತ್ತದೆ. ಒಣ ಹವೆಯಲ್ಲಾದರೆ ಕೋಶ ತಿಂಗಳುಗಟ್ಟಲೆ ಸುಪ್ತವಾಗಿ ಉಳಿಯಬಹುದು.

ಪ್ರೌಢ ಪತಂಗದ ಆಯುಸ್ಸು ಒಂದೆರಡು ವಾರ ಮಾತ್ರ. ಹೆಣ್ಣು ಗೂಡಿನ ಸಮೀಪವೇ ಕುಳಿತು ಫೆರೊಮೋನ್ ಎಂಬ ರಾಸಾಯನಿಕವನ್ನು ಗಾಳಿಗೆ ಬಿಡುತ್ತದೆ. ಗಂಡು ಗರಿಯಂತಹ ತನ್ನ ಕುಡಿಮೀಸೆಗಳಿಂದ ಅದನ್ನು ಗ್ರಹಿಸಿ ದೂರದಿಂದ ಹುಡುಕಿಕೊಂಡು ಬರುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ದೀಪವನ್ನು ಸುತ್ತುವ ಪತಂಗ ಮತ್ತೆ ತುಂಬಿಕೊಳ್ಳಲಾಗದ ಶಕ್ತಿಯನ್ನು ಕಳೆದುಕೊಳ್ಳುತ್ತಿರುತ್ತದೆ. ಆದ್ದರಿಂದ ವಿದ್ಯಾರ್ಥಿಗಳು ಅದನ್ನು ಹಿಡಿದು ತಂದರೆ ಪೆಟ್ಟಿಗೆಯಲ್ಲಿ ದಿನಗಟ್ಟಲೆ ಇಡಬಾರದು. ಅಳತೆ ಮತ್ತು ಚಿತ್ರ ತೆಗೆದುಕೊಂಡು, ಅದೇ ಸಂಜೆ ಸಿಕ್ಕ ಜಾಗದಲ್ಲೇ, ದೀಪದಿಂದ ದೂರ ಬಿಡುವುದು ಸರಿ. ಶಾಲೆಯ ಅಂಗಳದ ಸೀಬೆಗಿಡದಲ್ಲಿ ಎಲೆ ಮೇಯುವ ದಪ್ಪ ಹಸಿರು ಹುಳು ಕಂಡರೆ ಔಷಧಿ ಸಿಂಪಡಿಸುವ ಮುನ್ನ ಒಮ್ಮೆ ಪರೀಕ್ಷಿಸಿ. ಆ ದೈತ್ಯ ಪತಂಗದ ಜೀವಮಾನದ ಊಟವೆಲ್ಲ ಅಲ್ಲಿಯೇ ನಡೆಯುತ್ತಿರಬಹುದು.