ಸಾವಧಾನತೆ ಆಧಾರಿತ ಮರುವ್ಯಸನ ತಡೆ

ಸಾವಧಾನತೆ ಆಧಾರಿತ ಮರುವ್ಯಸನ ತಡೆ ಎಂಬುದು ಮದ್ಯ ಅಥವಾ ಮಾದಕ ವಸ್ತುಗಳನ್ನು ತ್ಯಜಿಸಿದವರು ಮತ್ತೆ ಅವುಗಳಿಗೆ ಮರಳದಂತೆ ನೆರವಾಗುವ ಮನೋಚಿಕಿತ್ಸಾ ಕ್ರಮ. ಮನಸ್ಸು ಮತ್ತು ದೇಹದಲ್ಲಿ ಈ ಕ್ಷಣ ನಡೆಯುತ್ತಿರುವುದನ್ನು ಸರಿ-ತಪ್ಪುಗಳ ತೀರ್ಪಿಲ್ಲದೆ ಗಮನಿಸುವುದೇ ಸಾವಧಾನತೆ. ಇದರ ಮೂಲ ಬೌದ್ಧ ಧ್ಯಾನ ಪರಂಪರೆಯಲ್ಲಿದೆ; ಪಾಳಿ ಭಾಷೆಯಲ್ಲಿ ಇದನ್ನು ‘ಸತಿ’ ಎನ್ನುತ್ತಾರೆ.

ಹಿನ್ನೆಲೆ

1979ರಲ್ಲಿ ಜಾನ್ ಕಬಟ್-ಜಿನ್ ಅವರು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸಾವಧಾನತೆಯನ್ನು ಒತ್ತಡ ನಿವಾರಣೆಗೆ ಬಳಸಲಾರಂಭಿಸಿದರು. ಮನೋವಿಜ್ಞಾನಿ ಅಲನ್ ಮಾರ್ಲಾಟ್ ಅವರು ಜುಡಿತ್ ಗಾರ್ಡನ್ ಅವರೊಂದಿಗೆ 1985ರಲ್ಲಿ ಮರುವ್ಯಸನ ತಡೆಯ ಕುರಿತ ಗ್ರಂಥವನ್ನು ಪ್ರಕಟಿಸಿದರು. ಮುಂದೆ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸಾರಾ ಬೋವೆನ್, ನೇಹಾ ಚಾವ್ಲಾ ಮತ್ತು ಮಾರ್ಲಾಟ್ ಈ ಎರಡೂ ಧಾರೆಗಳನ್ನು ಸೇರಿಸಿ 8 ವಾರಗಳ ಗುಂಪು ತರಬೇತಿಯನ್ನು ರೂಪಿಸಿದರು.

ಕಾರ್ಯವಿಧಾನ

ಸೇವನೆಯ ತುಡಿತವು ಅಲೆಯಂತೆ ಏರಿ, ಶಿಖರ ಮುಟ್ಟಿ, ತಾನಾಗಿಯೇ ಇಳಿಯುತ್ತದೆ ಎಂಬುದು ಈ ಕ್ರಮದ ತಿರುಳು. ತುಡಿತ ಎದ್ದಾಗ ಅದಕ್ಕೆ ಮಣಿಯುವ ಅಥವಾ ಅದರೊಡನೆ ಹೋರಾಡುವ ಬದಲು, ಕೊಂಚ ನಿಂತು, ಎದೆಬಡಿತ, ಗಂಟಲಿನ ಬಿಗಿತ ಮುಂತಾದ ಸಂವೇದನೆಗಳನ್ನು ಗುರುತಿಸಿ, ಗಮನವನ್ನು ಉಸಿರಿನ ಮೇಲಿರಿಸಿ, ಬಳಿಕ ಮುಂದಿನ ಹೆಜ್ಜೆಯನ್ನು ನಿರ್ಧರಿಸಲು ಕಲಿಸಲಾಗುತ್ತದೆ. ಒಮ್ಮೆ ಎಡವಿದ ವ್ಯಕ್ತಿ ‘ಎಲ್ಲವೂ ಮುಗಿಯಿತು’ ಎಂದು ಭಾವಿಸಿ ಸೇವನೆಯನ್ನು ಮುಂದುವರಿಸುವುದೇ ಹೆಚ್ಚಿನ ಅಪಾಯ ಎಂದು ಮಾರ್ಲಾಟ್ ಗುರುತಿಸಿದ್ದರು. ಆ ಅಪರಾಧಭಾವವನ್ನೂ ಬಂದುಹೋಗುವ ಒಂದು ಆಲೋಚನೆಯಾಗಿ ನೋಡುವುದು ಅಭ್ಯಾಸದ ಭಾಗ.

ದಕ್ಷಿಣ ಕನ್ನಡದಲ್ಲಿ

ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳನ್ನೊಳಗೊಂಡ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಹಾಗೂ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಪರಿಚಿತ. ಇವು ಮೇಲಿನ ಚಿಕಿತ್ಸಾ ಕ್ರಮವನ್ನು ಆಧರಿಸಿದವಲ್ಲ. ಆದರೆ ಯೋಗ, ಧ್ಯಾನ, ಭಜನೆ ಮತ್ತು ಆಪ್ತಸಲಹೆಗಳಿಗೆ ಇಲ್ಲಿ ಸ್ಥಾನವಿದೆ. ಶಿಬಿರ ಮುಗಿಸಿದವರು ‘ನವಜೀವನ ಸಮಿತಿ’ಗಳ ಮೂಲಕ ಪರಸ್ಪರ ಬೆಂಬಲವಾಗಿ ನಿಲ್ಲುತ್ತಾರೆ. ಶಿಬಿರದಿಂದ ಮರಳಿದವರ ನಿಜವಾದ ಪರೀಕ್ಷೆ ಮನೆಯಲ್ಲಿ ಆರಂಭವಾಗುತ್ತದೆ. ಅಡಿಕೆ ಕೊಯ್ಲಿನ ಕೂಲಿ ಕೈಸೇರುವ ಸಂಜೆ, ಮದುವೆಯ ಮುನ್ನಾದಿನದ ಕೂಟ, ಹಳೆಯ ಗೆಳೆಯರ ಕರೆ ಮುಂತಾದ ಸಂದರ್ಭಗಳನ್ನು ಮೊದಲೇ ಗುರುತಿಸಿಟ್ಟುಕೊಳ್ಳುವುದು ಮರುವ್ಯಸನ ತಡೆಯ ಮೊದಲ ಪಾಠ.

ಪರಿಣಾಮ ಮತ್ತು ಮಿತಿ

286 ಜನರನ್ನೊಳಗೊಂಡು 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಈ ತರಬೇತಿ ಪಡೆದವರ ಮಾದಕ ವಸ್ತು ಸೇವನೆಯ ದಿನಗಳು ಹಾಗೂ ಅತಿಯಾದ ಮದ್ಯಪಾನ 12 ತಿಂಗಳ ಬಳಿಕ ಇತರ ಗುಂಪುಗಳಿಗಿಂತ ಕಡಿಮೆಯಿದ್ದವು. ಆದರೂ ಒಟ್ಟಾರೆ ಸಂಶೋಧನೆಗಳ ಫಲಿತಾಂಶಗಳು ಏಕರೂಪವಾಗಿಲ್ಲ. ಸಾವಧಾನತೆಯು ವೈದ್ಯಕೀಯ ಚಿಕಿತ್ಸೆಗೆ ಪರ್ಯಾಯವಲ್ಲ. ದೀರ್ಘಕಾಲ ಅತಿಯಾಗಿ ಕುಡಿಯುತ್ತಿದ್ದವರು ಹಠಾತ್ತನೆ ನಿಲ್ಲಿಸಿದರೆ ಅಪಸ್ಮಾರ ಮತ್ತು ಸನ್ನಿ ಉಂಟಾಗಿ ಪ್ರಾಣಾಪಾಯ ಒದಗಬಹುದಾದ್ದರಿಂದ, ಮೊದಲ ದಿನಗಳಲ್ಲಿ ವೈದ್ಯರ ನಿಗಾ ಅಗತ್ಯ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಉಚಿತ ಸಲಹೆ ದೊರೆಯುತ್ತದೆ.