ಸಂಶೋಧನಾಲಯದ ಜಾಲತಾಣ: ಹಳೆಯ ಪುಟಗಳನ್ನು ಅಳಿಸುವುದೇ, ದಿನಾಂಕ ಬರೆದು ಉಳಿಸುವುದೇ?

ಕಾಸರಗೋಡಿನ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ಅದರ ಉತ್ಪಾದನೆ, ಮಾರಾಟ ಮತ್ತು ಬಳಕೆಯನ್ನು ದೇಶದಾದ್ಯಂತ ತಡೆಯಿತು. ಅದಕ್ಕೂ ಹಿಂದಿನ ಕೃಷಿ ಬರಹಗಳಲ್ಲಿ ಗೇರಿನ ಟೀ ಸೊಳ್ಳೆಗೆ ಇದೇ ಕೀಟನಾಶಕದ ಶಿಫಾರಸು ಇರುತ್ತಿತ್ತು. ಅಂಥದೊಂದು ಕೈಪಿಡಿ ಯಾವುದಾದರೂ ಸಂಶೋಧನಾಲಯದ ಜಾಲತಾಣದಲ್ಲಿ ದಿನಾಂಕವಿಲ್ಲದೆ ಉಳಿದಿದ್ದರೆ, ವಿಜ್ಞಾನದ ಪ್ರಾಜೆಕ್ಟಿಗಾಗಿ ಮೊಬೈಲಿನಲ್ಲಿ ಹುಡುಕುವ ಎಂಟನೆಯ ತರಗತಿಯ ಮಗು ಅದನ್ನು ಇಂದಿನ ಸಲಹೆಯೆಂದೇ ಬರೆದುಕೊಳ್ಳುತ್ತದೆ. ಸಂಸ್ಥೆಯ ಹೆಸರು, ಲಾಂಛನ ಕಾಣುವಾಗ ಮಗು ಸಂಶಯಪಡುವುದಾದರೂ ಏಕೆ?

ಹಾಗಾದರೆ ಅಳಿಸಿಬಿಟ್ಟರಾಯಿತಲ್ಲ ಎಂದು ಹೆತ್ತವರು ಕೇಳಬಹುದು. ನಾವು ಒಪ್ಪಲಾರೆವು. ಎಣ್ಮಕಜೆಯಂತಹ ಪಂಚಾಯತುಗಳ ಸಂತ್ರಸ್ತರು ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಬೇಕಾಯಿತು. ತಲಾ ಐದು ಲಕ್ಷ ರೂಪಾಯಿ ಕೊಡುವಂತೆ ಸುಪ್ರೀಂ ಕೋರ್ಟು ಕೇರಳ ಸರ್ಕಾರಕ್ಕೆ ಆದೇಶಿಸಿದ್ದು 2017ರಲ್ಲಿ. ಯಾವ ವಿಷವನ್ನು ಯಾರು, ಯಾವಾಗ, ಎಷ್ಟು ಪ್ರಮಾಣದಲ್ಲಿ ಬಳಸಲು ಹೇಳಿದರೆಂಬುದಕ್ಕೆ ಆ ಹಳೆಯ ಕೈಪಿಡಿಯೇ ದಾಖಲೆ. ಸಲಹೆಯಾಗಿ ಅದು ಅಪಾಯಕಾರಿ, ಸಾಕ್ಷ್ಯವಾಗಿ ಅಮೂಲ್ಯ. ಆದುದರಿಂದ ಜಾಲತಾಣದ ಶುಚೀಕರಣವೆಂದರೆ ಮೊದಲು ವಿಂಗಡಣೆ, ಆಮೇಲೆ ಅಳಿಸುವಿಕೆ. ಮುಗಿದುಹೋದ ಟೆಂಡರು, ನಿವೃತ್ತರಾದವರ ದೂರವಾಣಿ ಸಂಖ್ಯೆ ಮುಂತಾದವು ಹೋದರೆ ಹೋಗಲಿ. ಬೆಳೆ, ಔಷಧಿ, ಆರೋಗ್ಯಗಳ ಕುರಿತಾದುದನ್ನು ಮಾತ್ರ ವಿಷಯ ಬಲ್ಲ ವಿಜ್ಞಾನಿಯೇ ಓದಿ ತೀರ್ಮಾನಿಸಬೇಕು. ಕಂಪ್ಯೂಟರ್ ವಿಭಾಗದವರಿಗೆ ಬಿಡುವ ಕೆಲಸ ಇದಲ್ಲ.

ಇಲ್ಲಿ ಒಂದು ತಾಂತ್ರಿಕ ಸೂಕ್ಷ್ಮವಿದೆ. ಮುಖಪುಟದ ಪಟ್ಟಿಯಿಂದ ಕೊಂಡಿಯನ್ನು ತೆಗೆದ ಮಾತ್ರಕ್ಕೆ ಕಡತ ಮಾಯವಾಗುವುದಿಲ್ಲ. ಪಿಡಿಎಫ್ ಸರ್ವರಿನಲ್ಲಿಯೇ ಉಳಿದಿದ್ದರೆ ಗೂಗಲ್ ಅದನ್ನು ತೋರಿಸುತ್ತಲೇ ಇರಬಹುದು. ಹಾಗೆ ತೆರೆದವರಿಗೆ ಜಾಲತಾಣದಲ್ಲಿ ಹಾಕಿದ ಎಚ್ಚರಿಕೆ ಕಾಣದು. ಆದ್ದರಿಂದ ಕಡತದ ಮೊದಲ ಪುಟದಲ್ಲಿಯೇ ಅದು ಪ್ರಕಟವಾದ ವರ್ಷವನ್ನೂ ‘ಈ ಶಿಫಾರಸು ಈಗ ಜಾರಿಯಲ್ಲಿಲ್ಲ’ ಎಂಬ ಸಾಲನ್ನೂ ಮುದ್ರಿಸಬೇಕು. ಪುಟ ಬೇರೆಡೆಗೆ ಹೋಗಿದ್ದರೆ ಹಳೆಯ ವಿಳಾಸವು 301 ಎಂಬ ಸಂಕೇತದ ಮೂಲಕ ಹೊಸದಕ್ಕೆ ಒಯ್ಯಬೇಕು. ನಿಜವಾಗಿಯೂ ತೆಗೆದುಹಾಕಿದ್ದರೆ 410 ಎಂಬ ಸಂಕೇತವು ‘ಇದು ಇನ್ನಿಲ್ಲ’ ಎಂದು ತಿಳಿಸುತ್ತದೆ.

ದೊಡ್ಡ ಸಂಶೋಧನಾಲಯಗಳಿಗೂ ಈ ತೊಡಕು ತಪ್ಪಿದ್ದಲ್ಲ. ವರ್ಲ್ಡ್ ವೈಡ್ ವೆಬ್ ಹುಟ್ಟಿದ್ದು ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ. ಅದರ ಮೊದಲ ಜಾಲತಾಣವನ್ನು ಮೂಲ ವಿಳಾಸದಲ್ಲಿ ಮರಳಿ ಸ್ಥಾಪಿಸುವ ಯೋಜನೆಯನ್ನು ಸಂಸ್ಥೆಯು 2013ರಲ್ಲಿ ಕೈಗೊಂಡಾಗ ಅಲ್ಲಿ ಇರಿಸಿದ್ದು 1992ರ ಪ್ರತಿ. ಆರಂಭದ ದಿನಗಳಲ್ಲಿ ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತಿದ್ದರು.

ನಮ್ಮ ದೇಶದಲ್ಲಿ 2009ರಲ್ಲಿ ಮೊದಲು ಹೊರಬಂದ ಸರ್ಕಾರಿ ಜಾಲತಾಣಗಳ ಮಾರ್ಗಸೂಚಿಯು ವಿಷಯಗಳ ಮರುಪರಿಶೀಲನೆಗೂ ಹಳೆಯವುಗಳ ಸಂಗ್ರಹಕ್ಕೂ ಲಿಖಿತ ನೀತಿ ಇರಬೇಕೆನ್ನುತ್ತದೆ. ಹೆತ್ತವರು ಇದನ್ನೇ ಆಧಾರವಾಗಿ ಹಿಡಿದು ಕೇಳಬಹುದು.

ಕನ್ನಡದ ಪುಟಗಳ ಸ್ಥಿತಿ ಇನ್ನೂ ನಾಜೂಕು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಸಿದ್ಧವಾದ ಕನ್ನಡ ಬರಹಗಳು ಆಯಾ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೋರುತ್ತವೆ. ಕನ್ನಡ ಪದ ಬರೆದು ಹುಡುಕಿದರೂ ಸಿಗುವುದಿಲ್ಲ. ಶುಚೀಕರಣಕ್ಕೆ ಕುಳಿತವರಿಗೆ ಭಾಷೆ ಬಾರದಿದ್ದರೆ ಅವು ಬರಿಯ ಕಸವಾಗಿ ಕಂಡು ಮೊದಲು ಅಳಿಯುವುದು ಅವೇ. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಒತ್ತಕ್ಷರಗಳನ್ನು ತಿದ್ದಲು ಮಾತ್ರ ಕನ್ನಡ ಓದಬಲ್ಲ ಒಬ್ಬರು ಬೇಕು. ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಅಂಥವರಿಗೆ ಕೊರತೆಯಿಲ್ಲ. ಮಕ್ಕಳು ಹಳತಾದ ಪುಟವನ್ನು ಕಂಡರೆ ಅದರ ವಿಳಾಸವನ್ನೂ ನೋಡಿದ ದಿನಾಂಕವನ್ನೂ ಬರೆದಿಟ್ಟುಕೊಳ್ಳಲಿ. ಶಿಕ್ಷಕ-ರಕ್ಷಕ ಸಂಘದ ಹೆಸರಿನಲ್ಲಿ ಸಂಸ್ಥೆಗೆ ಪತ್ರ ಬರೆಯುವಾಗ ಅಳಿಸಿರೆಂದು ಕೇಳದೆ, ದಿನಾಂಕ ಹಾಕಿ ಸಂಗ್ರಹ ವಿಭಾಗಕ್ಕೆ ಸೇರಿಸಿರೆಂದೂ ಹೊಸ ಶಿಫಾರಸನ್ನು ಕನ್ನಡದಲ್ಲಿಯೂ ಕೊಡಿರೆಂದೂ ಕೇಳೋಣ.