ಗಿರಣಿಯ ಕೆಸರು, ಭಟ್ಟಿಯ ಬೆಂಕಿ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಗೆ ಬಿಡುವಿಲ್ಲದ ಬೆಂಕಿ ಬೇಕು. ಹಳೆ ಟೈರು ಸುಟ್ಟ ಕರಿಹೊಗೆಯ ಬಗ್ಗೆ ಊರಿನ ದೂರು ಬಹಳ ಹಳೆಯದು. ಅತ್ತ ಆನಗೋಡಿನ ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳದ ಕಾಳು ಬಿಡಿಸಿದ ಮೇಲೆ ದಿಂಡು ರಾಶಿ ಬೀಳುತ್ತದೆ. ಈ ಭಟ್ಟಿಯನ್ನೂ ದಿಂಡನ್ನೂ ಕೂಡಿಸಬಲ್ಲ ಮೂರನೆಯ ವಸ್ತು, ಗಿರಣಿಯ ಕೆಸರು, ಹರಿಹರದಾಚೆ, ತುಂಗಭದ್ರೆಯ ಆ ದಡದಲ್ಲಿದೆ.

ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಶುರುವಾದದ್ದು 1972ರಲ್ಲಿ. ನೀಲಗಿರಿ ಮರ ಬೇಯಿಸಿ ರೇಯಾನ್ ನೂಲಿಗೆ ತಿರುಳು ತೆಗೆಯುವ ಕಾರ್ಖಾನೆ ಅದು. ಕಾಗದದ ಗಿರಣಿಗೆ ಹತ್ತಿರದ ಕಸುಬು. 1980ರ ದಶಕದಲ್ಲಿ ಕಾರ್ಖಾನೆಯ ಕೊಳೆಯಿಂದ ಹೊಳೆಯ ನೀರನ್ನು ಉಳಿಸಲು ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಹೋರಾಡಿದ್ದೂ ಇದೇ ದಂಡೆಯಲ್ಲಿ. ಈ ಬಗೆಯ ಗಿರಣಿಗಳಲ್ಲಿ ಮರದ ಅರ್ಧದಷ್ಟಾದರೂ ತಿರುಳಾಗದೆ, ಕ್ಷಾರದಲ್ಲಿ ಕರಗಿ ಕಪ್ಪು ದ್ರಾವಣವಾಗುತ್ತದೆ. ಅದನ್ನು ಗಟ್ಟಿಯಾಗುವಂತೆ ಇಂಗಿಸಿ ಬಾಯ್ಲರಿನಲ್ಲಿ ಉರಿಸಿದರೆ ಹಬೆಯೂ ಸಿಗುತ್ತದೆ, ಸೋಡಾವೂ ಮರಳುತ್ತದೆ. ಅಮೆರಿಕದ ಪ್ಲಿಮತ್‌ನಲ್ಲಿ 2013ರಲ್ಲಿ ಈ ದ್ರಾವಣಕ್ಕೆ ಇಂಗಾಲದ ಡೈಆಕ್ಸೈಡ್ ಹಾಯಿಸಿ, ಲಿಗ್ನಿನ್ ಎಂಬ ಅಂಟನ್ನೇ ಪುಡಿಯಾಗಿ ಬೇರ್ಪಡಿಸುವ ಘಟಕ ಬಂತು. ಆ ಪುಡಿ ಒಳ್ಳೆಯ ಉರುವಲು. ಆದರೆ ಅದಕ್ಕೆ ದೊಡ್ಡ ಬಂಡವಾಳ ಬೇಕು.

ನಮ್ಮ ಅಳವಿಗೆ ಸಿಗುವುದು ತೊಗಟೆ ಮತ್ತು ಕೊಳೆನೀರು ಸೋಸಿದಾಗ ಉಳಿಯುವ ನಾರಿನ ಕೆಸರು. ಕೆಸರಿನ ದೊಡ್ಡ ತೊಡಕು ನೀರು. ನೂರಕ್ಕೆ 75 ಭಾಗ ನೀರಿರುವ ಒಂದು ಟನ್ ಕೆಸರಿನಲ್ಲಿ ಗಟ್ಟಿ ಪದಾರ್ಥ 250 ಕಿಲೊ ಮಾತ್ರ. ಅದನ್ನು ಭಟ್ಟಿಯ ಉರುವಲಿಗಾಗಿ ಬ್ರಿಕೆಟ್, ಅಂದರೆ ಗಟ್ಟಿ ಅಚ್ಚು, ಆಗಿ ಒತ್ತಲು ತೇವ ನೂರಕ್ಕೆ ಹತ್ತರ ಆಸುಪಾಸಿಗೆ ಇಳಿಯಬೇಕು. ಅಂದರೆ 700 ಲೀಟರಿಗೂ ಹೆಚ್ಚು ನೀರು ಹೋಗಬೇಕು. ಅದನ್ನು ಉರಿಯಿಂದಲೇ ಆರಿಸಹೊರಟರೆ ಕೆಸರು ಕೊಡುವ ಶಾಖದ ದೊಡ್ಡ ಪಾಲು ಅಲ್ಲೇ ಮುಗಿಯುತ್ತದೆ. ಹಾಗಾಗಿ ಯಂತ್ರದಲ್ಲಿ ಹಿಂಡಿ, ಬೇಸಿಗೆಯ ಬಿಸಿಲಿನಲ್ಲಿ ಹರವಿ, ಒಣ ದಿಂಡಿನ ಪುಡಿ ಬೆರೆಸುವುದೇ ಸರಿಯಾದ ದಾರಿ ಎಂದು ನನಗನಿಸುತ್ತದೆ. ಒತ್ತಡಕ್ಕೆ ಬಿಸಿಯೇರಿದಾಗ ದಿಂಡಿನ ಲಿಗ್ನಿನ್ ಮೆತ್ತಗಾಗಿ ಎಲ್ಲವನ್ನೂ ಹಿಡಿದಿಡುತ್ತದೆ. ಬೇರೆ ಅಂಟು ಬೇಕಿಲ್ಲ. ಬಿಸಿಲಿಗೂ ದಿಂಡಿಗೂ ಆನಗೋಡಿನಲ್ಲಿ ಬರವಿಲ್ಲ.

ಒಂದು ವಿಷಯದಲ್ಲಿ ಮಾತ್ರ ರಾಜಿ ಕೂಡದು: ಯಾವ ಗಿರಣಿಯಿಂದ ತಂದರೂ ಕೆಸರಿನಲ್ಲಿ ವಿಷ ಇರಬಾರದು. ರದ್ದಿ ಕಾಗದದ ಗಿರಣಿಗಳ ಕಸದಲ್ಲಿ ಪ್ಲಾಸ್ಟಿಕ್ ಸೇರಿರುತ್ತದೆ. ಕ್ಲೋರಿನ್‌ನಿಂದ ಬಿಳಿ ಮಾಡಿದ ತಿರುಳಿನ ಕೆಸರನ್ನು ಅರೆಬರೆ ಉರಿಸಿದರೆ ಡಯಾಕ್ಸಿನ್ ವಿಷ ಹುಟ್ಟಬಹುದು. ಟೈರಿನ ಹೊಗೆ ಕುಡಿದ ಭಟ್ಟಿ ಕಾರ್ಮಿಕರಿಗೆ ಇನ್ನೊಂದು ವಿಷ ಉಣಿಸಬಾರದು. ಮೊದಲ ಲಾರಿ ಇಳಿಯುವ ಮುನ್ನವೇ ಕೆಸರಿನ ಕ್ಲೋರಿನ್, ಬೂದಿ ಎರಡನ್ನೂ ಅಳೆಯಬೇಕು. ಸುಣ್ಣ ಹೆಚ್ಚಿದ್ದರೆ ಬೂದಿಯೇ ಜಾಸ್ತಿ. ವಿಷವಿಲ್ಲದ ಅಂಥ ಕೆಸರು ಇಟ್ಟಿಗೆ ಮಣ್ಣಿಗೆ ಸೇರುವುದೇ ಮೇಲು.